ಹತ್ತನೇ ನಂಬರಿನ ಕೂದಲು

ಮೂಡುಬಿದಿರೆಯ ಮಳೆಗಾಲಕ್ಕೆ ಉಪ್ಪಿನಕಾಯಿ ಭರಣಿಯೂ ಒಂದೇ, ಮೈಕ್ರೋಸ್ಕೋಪಿನ ಲೆನ್ಸೂ ಒಂದೇ. ಎರಡಕ್ಕೂ ಬೂಷ್ಟು ಹಿಡಿಯುತ್ತದೆ. ಅದನ್ನು ಒರೆಸಲು ಮೈಕ್ರೋಸ್ಕೋಪ್ ರಿಪೇರಿಯ ಕೇಶವಪ್ರಸಾದ ವರ್ಷಕ್ಕೊಮ್ಮೆ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿಗೆ ಬರುವುದು ಇಪ್ಪತ್ತೈದು ವರ್ಷದ ರೂಢಿ. ಈ ಸಲ ಬರುವಾಗ, ಅಲ್ಲೇ ಪಾಠ ಮಾಡುತ್ತಿದ್ದ ಅವನ ಹೆಂಡತಿ ವಾರಿಜಾಕ್ಷಿ ತೀರಿಕೊಂಡು ಮೂರು ತಿಂಗಳಾಗಿತ್ತು. ಅವನು ಅತ್ತಿರಲಿಲ್ಲ. ಉಣ್ಣುತ್ತಿದ್ದ, ಮಲಗುತ್ತಿದ್ದ, ಕರೆದಲ್ಲಿಗೆ ಹೋಗುತ್ತಿದ್ದ. ಬಹಳ ಗಟ್ಟಿ ಮನುಷ್ಯ ಎಂದರು ನೆಂಟರು. ಗಟ್ಟಿಯೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ.

“ಸರ್, ಹತ್ತನೇ ನಂಬರಿನ ಮೈಕ್ರೋಸ್ಕೋಪಿನಲ್ಲಿ ಒಂದು ಕಪ್ಪು ಗೆರೆ ಉಂಟು,” ಎಂದಳು ಜೂನಿನಲ್ಲಿ ಸೇರಿದ ಹೊಸ ಉಪನ್ಯಾಸಕಿ ಶ್ರಾವ್ಯಾ.

“ಅದು ಗೆರೆ ಅಲ್ಲ ಮೇಡಂ, ಕೂದಲು. ಇರ್ಲಿ ಅದು.”

ವಾರಿಜಾಕ್ಷಿಯ ಕೂದಲು. ಕೆಲಸಕ್ಕೆ ಸೇರಿದ ವರ್ಷ ಅವಳು, ಸ್ಲೈಡಿನಲ್ಲಿ ಇಂಥದ್ದನ್ನೇ ನೋಡಿ ಎಂದು ಮಕ್ಕಳಿಗೆ ತೋರಿಸುವುದು ಹೇಗೆ ಎಂದು ಕೇಳಿದ್ದಳು. ಕಣ್ಣಿಡುವ ಕೊಳವೆಯೊಳಗೆ ಒಂದು ಬಳೆ ಇರುತ್ತದೆ, ಕೆಳಗಿನ ಲೆನ್ಸು ಚಿತ್ರವನ್ನು ತಂದು ಅಲ್ಲಿಗೇ ನಿಲ್ಲಿಸುತ್ತದೆ, ಅಲ್ಲಿ ಏನು ಅಂಟಿಸಿದರೂ ಚಿತ್ರದ ಜೊತೆಗೇ ಸ್ಪಷ್ಟ ಕಾಣುತ್ತದೆ ಎಂದು ಇವನು ವಿವರಿಸಿದ. ಅವಳು ಒಂದು ಕೂದಲು ಕಿತ್ತುಕೊಟ್ಟಳು. ಉಗುರುಬಣ್ಣದ ಹನಿ ಹಾಕಿ, ತುದಿಯಿಂದ ಗುರುತು ತೋರಿಸುವ ಮುಳ್ಳಿನ ಹಾಗೆ ಅಂಟಿಸಿದ. ಮದುವೆಯ ಮಾತು ಶುರುವಾದದ್ದು ಅಲ್ಲಿಂದ. ಕೊನೆಯ ವರ್ಷ ಔಷಧಿಗೆ ಅವಳ ತಲೆ ಬೋಳಾಯಿತು. ಅವಳ ಕೂದಲೆಂದು ಉಳಿದದ್ದು ಈ ಚೂರು ಮಾತ್ರ.

ಕೆಲಸಕ್ಕೆ ಕೂತ. ಬಿಚ್ಚುವುದು, ಹತ್ತಿಗೆ ಸ್ಪಿರಿಟ್, ಒರೆಸುವುದು, ತಿರುಪುವುದು. ಲ್ಯಾಬಿನ ಹದಿನೈದು ಮೈಕ್ರೋಸ್ಕೋಪುಗಳೂ ಮುಗಿದವು. ಶ್ರಾವ್ಯಾ ಒಂದೊಂದಕ್ಕೂ ಕಣ್ಣಿಟ್ಟು ನೋಡಿದಳು.

“ಆ ಕೂದಲೂ ಹೋಯ್ತಲ್ಲ ಸರ್. ಈಗ ಚಂದ ಕಾಣ್ತದೆ.”

ಕೈ ತನ್ನಷ್ಟಕ್ಕೇ ಒರೆಸಿಬಿಟ್ಟಿತ್ತು. ಬುಟ್ಟಿಯ ತುಂಬ ಒಂದೇ ಥರದ ಕೊಳಕು ಹತ್ತಿ. ಒಂದೊಂದನ್ನೇ ಬಿಡಿಸಿ ಹುಡುಕಿದ. ಸಿಗಲಿಲ್ಲ.

ತನ್ನ ತಲೆಯಿಂದಲೇ ಒಂದು ಕೂದಲು ಕಿತ್ತ. ಪೂರ್ತಿ ಬಿಳಿ. ಅದನ್ನೇ ಬಳೆಗೆ ಅಂಟಿಸಿದ.

“ಪುನಃ ಯಾಕೆ ಸರ್?”

“ಮಕ್ಕಳಿಗೆ ತೋರಿಸ್ಲಿಕ್ಕೆ ಬೇಕಾಗ್ತದೆ ಮೇಡಂ.”

ಕಣ್ಣಿಟ್ಟ. ಬೆಳಕು ಕೆಳಗಿನಿಂದ ಬರುವುದರಿಂದ ಬಿಳಿ ಕೂದಲೂ ಅಲ್ಲಿ ಕಪ್ಪಾಗಿ ಕಂಡಿತು, ಥೇಟ್ ಅವಳದ್ದರ ಹಾಗೆ. ಆಗಲೂ ಅಳು ಬರಲಿಲ್ಲ. ಕೂದಲು ಕಿತ್ತ ಜಾಗ ಮಾತ್ರ ಸಣ್ಣಗೆ ನೋಯುತ್ತಿತ್ತು. ಮೂರು ತಿಂಗಳಲ್ಲಿ ಅವನಿಗೆ ನೋವೆಂದು ಆದದ್ದು ಅದೊಂದೇ. ಅದು ಬೇಗ ಕಡಿಮೆಯಾಗದಿರಲಿ ಎಂದು, ಆ ಜಾಗವನ್ನು ಬೆರಳಿನಿಂದ ಒತ್ತಿಕೊಂಡು ಕೂತ.