ಹೆಗಲ ಮೇಲಿನ ಬೆಲ್ಟಿನ ಗೋಳು

ನಾನು ಒಂದು ಗಿಟಾರಿನ ಬೆಲ್ಟು. ಗಿಟಾರು ತನ್ನ ಕಥೆ ಹೇಳುತ್ತೇನೆ ಎಂದರೆ ಎಲ್ಲರೂ ಕೂತು ಕೇಳುತ್ತಾರೆ. ಅದನ್ನು ಜನ್ಮವಿಡೀ ಹೊತ್ತ ಬೆಲ್ಟಿನ ಕಥೆ ಯಾರಿಗೂ ಬೇಡ. ಬೇಡದಿದ್ದರೂ ಹೇಳುತ್ತೇನೆ, ಹೇಳದಿದ್ದರೆ ನನ್ನ ಹೊಲಿಗೆ ಬಿಚ್ಚಿಹೋದೀತು.

ನಾನು ಹುಟ್ಟಿದ್ದು ಗದಗಿನ ಸ್ಟೇಷನ್ ರಸ್ತೆಯ ಚರ್ಮದ ಅಂಗಡಿಯಲ್ಲಿ. ಅಂಗಡಿಯ ಮುದುಕಪ್ಪ ಚಪ್ಪಲಿ ಮತ್ತು ಟಾಂಗಾ ಕುದುರೆಯ ಪಟ್ಟಿಗಳನ್ನು ಹೊಲಿಯುತ್ತಿದ್ದ. ಗಿಟಾರನ್ನು ಕಂಡವನೇ ಅಲ್ಲ. ನನ್ನನ್ನು ಮಾಡಿಸಲು ಬಂದವನು ಬೆಟಗೇರಿಯ ನೇಕಾರ ಸೊಸೈಟಿಯ ಗುಮಾಸ್ತ ಎಲೀಷ. ಆಗಿನ್ನೂ ಮದುವೆಯಾಗಿರಲಿಲ್ಲ, ಊದಿದರೆ ಹಾರಿಹೋಗುವಂತಿದ್ದ. ಭಾನುವಾರ ಚರ್ಚಿನ ಹಾಡುಗಾರರ ಜೊತೆ ನಿಂತು ಗಿಟಾರ್ ಬಾರಿಸುತ್ತಿದ್ದ.

"ಎಷ್ಟುದ್ದ ಇರಬೇಕ್ರೀ?" ಎಂದು ಮುದುಕಪ್ಪ ಕೇಳಿದ.

"ಉದ್ದಾನ ಇರ್ಲಿ. ಗಿಟಾರ್ ಇಳಿಬಿಟ್ಟು ಬಾರಸಬೇಕು. ನೋಡಿದವ್ರು ನೋಡ್ಕೋತ ನಿಲ್ಲಬೇಕು."

"ಕುದುರೀಗಾದ್ರ ಹೊಟ್ಟಿ ಅಳತಿ ತಗೋತೇನ್ರೀ. ನಿಮಗ ಹೊಟ್ಟೀನ ಇಲ್ಲಲ್ಲ."

ಹೀಗೆ ಅಳತೆಯಿಲ್ಲದೆ, ಬರೀ ಷೋಕಿಗಾಗಿ ನಾನು ಹುಟ್ಟಿದೆ. ಎಲೀಷ ಬಕಲನ್ನು ಕೊನೆಯ ತೂತಿಗೆ ಸಿಕ್ಕಿಸಿದ. ನನ್ನ ಒಂದು ತುದಿಯನ್ನು ಗಿಟಾರಿನ ಬುಡದ ಗುಂಡಿಗೆ ಹಾಕಿ, ಇನ್ನೊಂದನ್ನು ಕುತ್ತಿಗೆಯ ತುದಿಗೆ ಬೂಟಿನ ಲೇಸಿನಿಂದ ಕಟ್ಟಿದ. ಗಿಟಾರು ತೊಡೆಯ ಹತ್ತಿರ ಜೋತಾಡಿತು. ಮಣಿಕಟ್ಟು ಮುರಿಯುವಷ್ಟು ಬಾಗುತ್ತಿತ್ತು. ಆರಾಧನೆ ಮುಗಿದ ಮೇಲೆ ಮರೆಯಲ್ಲಿ ಹೋಗಿ ಕೈ ನೀವಿಕೊಳ್ಳುತ್ತಿದ್ದ, ಆದರೆ ಬಕಲು ಮಾತ್ರ ಮುಟ್ಟಲಿಲ್ಲ.

ಅವನನ್ನು ಕಾಪಾಡಿದವಳು ಸುಗುಣಾ, ಅವನ ಹೆಂಡತಿ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು, ಅಡುಗೆಯಲ್ಲಿ ಎತ್ತಿದ ಕೈ. ಅವಳ ರೊಟ್ಟಿ, ಬೆಣ್ಣೆ, ಎಣ್ಣೆಗಾಯಿ ತಿಂದು ಎಲೀಷನಿಗೆ ಹೊಟ್ಟೆ ಬಂತು. ಹೊಟ್ಟೆ ಮುಂದೆ ಬಂದಂತೆಲ್ಲ ನಾನು ಬಿಗಿದುಕೊಂಡೆ, ಗಿಟಾರು ಮೇಲೆ ಏರಿತು. ಕೊನೆಗೆ ಎಲ್ಲಿರಬೇಕಿತ್ತೋ ಅಲ್ಲಿ, ಹೊಟ್ಟೆಯ ಮೇಲೆ, ಕಟ್ಟೆಯ ಮೇಲೆ ಕೂತ ಹಿರಿಯರ ಹಾಗೆ ಕೂತಿತು. ಮಣಿಕಟ್ಟು ನೆಟ್ಟಗಾಯಿತು. "ಎಲೀಷಣ್ಣನ ಕೈ ಪಳಗೇದ" ಎಂದು ಜನ ಹೊಗಳಿದರು. ಪಳಗಿದ್ದು ಕೈಯಲ್ಲ ಎಂದು ನಾನು ಯಾರಿಗೆ ಹೇಳಲಿ?

ಮಗಳು ಲಿಡಿಯಾಗೆ ಗಿಟಾರ್ ಕಲಿಸಿದವನು ಅವನೇ. ಮಂಚದ ಅಂಚಿನಲ್ಲಿ ಕೂರಿಸಿ ಕಲಿಸಿದ. ಅವಳು ಚೆನ್ನಾಗಿಯೇ ಕಲಿತಳು. "ನಿಂತು ಬಾರಸೂದು ಆಮ್ಯಾಲ ಕಲಸ್ತೇನವಾ" ಎನ್ನುತ್ತಿದ್ದ. ಆ ಆಮೇಲೆ ಬರಲೇ ಇಲ್ಲ. ಒಂದು ಮಳೆಗಾಲ ಎದೆನೋವು ಬಂದು ಎಲೀಷ ತೀರಿಕೊಂಡ.

ಈ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿಯಿದೆ. ಈಸ್ಟರ್ ದಿನ ಬೆಳಗಿನ ಜಾವ ಎಲ್ಲರೂ ಸ್ಮಶಾನಕ್ಕೆ ಹೋಗುತ್ತಾರೆ. ಆ ವರ್ಷ ಯಾರು ಯಾರನ್ನು ಮಣ್ಣು ಮಾಡಿದ್ದಾರೋ ಅವರ ಸಮಾಧಿಯ ಮುಂದೆಲ್ಲ ನಿಂತು ಒಂದೊಂದು ಹಾಡು ಹಾಡುತ್ತಾರೆ. ಅಲ್ಲಿ ಯಾರೂ ಕೂರುವುದಿಲ್ಲ, ನಡುಗುವ ಮುದುಕಿಯರೂ ಕೂಡ. ಇಷ್ಟು ವರ್ಷ ಅಲ್ಲಿ ಬಾರಿಸಿದವನು ಎಲೀಷ. ಈ ಸಲ ಅವನ ಸಮಾಧಿಯ ಮುಂದೆಯೇ ಹಾಡಬೇಕು.

"ನಾ ಬಾರಸ್ತೇನ್ರೀ" ಎಂದಳು ಲಿಡಿಯಾ. ಹಾಡುಗಾರರನ್ನು ನಡೆಸುವ ತಿಮೊಥಿ ಮಾಸ್ತರರು ಅವಳು ನಿಂತು ಬಾರಿಸಿದ್ದನ್ನು ಒಮ್ಮೆ ಕೇಳಿದರು. ಕೇಳಿ, ಕನ್ನಡಕ ತೆಗೆದು ಒರೆಸಿದರು.

"ಈಸ್ಟರಿನ ಹಿಂದಿನ ವಾರ, ಗರಿಗಳ ಭಾನುವಾರದ ತನಕ ನೋಡೂಣವಾ. ಆಗಲಿಲ್ಲಂದ್ರ ಹುಬ್ಬಳ್ಳಿಯಿಂದ ಯಾರನ್ನರ ಕರಸ್ತೇನಿ."

ಅಪ್ಪನ ಸಮಾಧಿಯ ಮುಂದೆ ಗುರುತು ಪರಿಚಯವಿಲ್ಲದವನೊಬ್ಬ ಬಾರಿಸುವುದು. ಅವಳಿಗೆ ಆ ರಾತ್ರಿ ಊಟ ಸೇರಲಿಲ್ಲ.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಕಡ್ಡಿಯಂಥ ಹುಡುಗಿ, ಬಕಲು ಅಪ್ಪನ ತೂತಿನಲ್ಲೇ. ಗಿಟಾರು ಅವಳ ಮೊಣಕಾಲನ್ನು ಬಡಿಯುತ್ತಿತ್ತು. ತಂತಿ ಕಾಣುವುದಿಲ್ಲವೆಂದು ಅವಳು ಗೂನಾಗಿ ಬಗ್ಗುತ್ತಿದ್ದಳು. ಬಗ್ಗಿದರೆ ಗಿಟಾರು ಇನ್ನಷ್ಟು ಜಾರುತ್ತಿತ್ತು. ಎಲ್ಲಿ ಬಿದ್ದೀತೋ ಎಂಬ ಭಯಕ್ಕೆ ಎಡಗೈಯಿಂದ ಅದರ ಕುತ್ತಿಗೆಯನ್ನು ಎತ್ತಿ ಹಿಡಿಯುತ್ತಿದ್ದಳು. ಎತ್ತಿ ಹಿಡಿದ ಕೈ ತಂತಿ ಹೇಗೆ ಒತ್ತೀತು? ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಬೇಕಾದ ಎಫ್ ಕಾರ್ಡ್ ಬಂದಾಗಲೆಲ್ಲ ಒಡೆದ ತಗಡಿನ ಸದ್ದು. ಹೊರುವುದು ನನ್ನ ಕೆಲಸ ತಾಯಿ, ಮತ್ತೇಕೆ ನಾನು ಹೆಗಲ ಮೇಲೆ ಬಿದ್ದಿದ್ದೇನೆ? ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ಲದಿದ್ದರೆ ನನ್ನನ್ನು ಎಮ್ಮೆಗಾದರೂ ಕಟ್ಟಬಾರದೇ?

ಓಣಿಯವರು ಪುಕ್ಕಟೆ ಬುದ್ಧಿ ಹೇಳಿದರು. ಒಬ್ಬ ಎದೆ ಸೆಟೆಸು ಎಂದ, ಇನ್ನೊಬ್ಬಳು ಬಾಳೆಹಣ್ಣು ತಿನ್ನು ಎಂದಳು. ಬಕಲಿನ ಕಡೆ ಒಬ್ಬರೂ ನೋಡಲಿಲ್ಲ. ಒಂದು ಮಧ್ಯಾಹ್ನ ಲಿಡಿಯಾಳ ಗೆಳತಿ ಬಕಲಿಗೆ ಕೈ ಹಾಕಲು ಬಂದಳು. ನನಗೆ ಜೀವ ಬಂದಂತಾಯಿತು.

"ಮುಟ್ಟಬ್ಯಾಡ" ಎಂದಳು ಲಿಡಿಯಾ. "ಅದು ಅಪ್ಪ ಹಾಕಿದ್ದು. ಅಪ್ಪ ಹೆಂಗ ಬಾರಸ್ತಿದ್ರೋ ಹಂಗ ಬಾರಸ್ತೇನಿ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ ಆ ತೂತು ಅಪ್ಪನಿಗೆ ಹೊಂದಿದ್ದೇ ಎಣ್ಣೆಗಾಯಿಯ ಪ್ರತಾಪದಿಂದ.

ಗರಿಗಳ ಭಾನುವಾರಕ್ಕೆ ಇನ್ನೇನು ಎರಡು ದಿನ ಇದ್ದಾಗ ಅವಳು ಗಿಟಾರನ್ನು ಮಂಚದ ಮೇಲೆ ಒಗೆದು ಗೋಡೆಗೆ ಮುಖ ಮಾಡಿ ಅತ್ತಳು. ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಸುಗುಣಾ ಎದ್ದು ಬಂದಳು, ಕೊರಳಲ್ಲಿ ಅಳತೆಯ ಟೇಪು. ಮಗಳನ್ನು ಎಬ್ಬಿಸಿ ನಿಲ್ಲಿಸಿದಳು, ಗಿಟಾರ್ ಹಾಕಿದಳು, ನೋಡಿದಳು. ಆಮೇಲೆ ಎಲೀಷನ ತಲೆದಿಂಬು ತಂದು ಮಗಳ ಹೊಟ್ಟೆಗೂ ಗಿಟಾರಿಗೂ ನಡುವೆ ತುರುಕಿದಳು. ಗಿಟಾರು ಸರಕ್ಕನೆ ಮೇಲೇರಿ ತನ್ನ ಜಾಗದಲ್ಲಿ ಕೂತಿತು.

"ಈಗ ಬಾರಸು."

ಬಾರಿಸಿದಳು. ಎಫ್ ಗಂಟೆಯ ಹಾಗೆ ನುಡಿಯಿತು. ಲಿಡಿಯಾ ದಿಂಬನ್ನು ನೋಡಿದಳು, ಅವ್ವನನ್ನು ನೋಡಿದಳು.

"ಅದು ಹಾಡಿನ ಅಳತಿ ಅಲ್ಲ ಹುಚ್ಚಿ, ನಿಮ್ಮಪ್ಪನ ಹೊಟ್ಟಿ ಅಳತಿ" ಎಂದಳು ಸುಗುಣಾ. "ಅವನ ಅಂಗಿ ನೀ ಹಾಕ್ಕೋತೀನಂದ್ರ ನಾ ಸಣ್ಣ ಮಾಡಿ ಕೊಡಂಗಿಲ್ಲೇನು? ಈಸ್ಟರಿಗೆ ದಿಂಬು ಕಟ್ಕೊಂಡು ಹೋಗ್ತೀಯೋ, ಬೆಲ್ಟು ಸಣ್ಣ ಮಾಡ್ಲೋ?"

ಎಲೀಷ ಹೋದ ಮೇಲೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಅಂದು ತಾಯಿ ಮಗಳು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತಲೇ ಅತ್ತರು. ಸುಗುಣಾ ಮಗಳನ್ನು ಮಂಚದ ಅಂಚಿಗೆ ಕೂರಿಸಿ, ಗಿಟಾರು ತೊಡೆಯ ಮೇಲಿದ್ದಾಗಲೇ ನನ್ನನ್ನು ಬಿಗಿಯಾಗಿ ಎಳೆದು ಸೀಮೆಸುಣ್ಣದ ಗುರುತು ಹಾಕಿದಳು. "ಕುಂತಾಗ ಎಲ್ಲಿರ್ತದೋ ನಿಂತಾಗೂ ಅಲ್ಲೇ ಇರಬೇಕು" ಎಂದಳು. ಆಮೇಲೆ ಮೊಳೆ ಕಾಯಿಸಿ ಆ ಗುರುತಿನಲ್ಲಿ ನನಗೆ ಹೊಸ ತೂತು ಚುಚ್ಚಿದಳು. ಇಷ್ಟು ವರ್ಷ ಹೊತ್ತದ್ದಕ್ಕೆ ನನಗೆ ಸಿಕ್ಕ ಬಹುಮಾನ ಅದು. ಇರಲಿ. ಲಿಡಿಯಾ ಎದ್ದು ನಿಂತಳು, ಗಿಟಾರು ಒಂದಂಗುಲವೂ ಕದಲಲಿಲ್ಲ.

ಗರಿಗಳ ಭಾನುವಾರ ಅವಳ ಹಾಡು ಮುಗಿದ ಮೇಲೆ ತಿಮೊಥಿ ಮಾಸ್ತರರು ಹುಬ್ಬಳ್ಳಿಯ ಮಾತು ಎತ್ತಲಿಲ್ಲ. ಈಸ್ಟರ್ ಬೆಳಗ್ಗೆ ಅಪ್ಪನ ಸಮಾಧಿಯ ಮುಂದೆ ಅವಳು ನೆಟ್ಟಗೆ ನಿಂತಳು. ಹಳೆಯ ಚಾಳಿ, ಎಡಗೈ ಇನ್ನೂ ಗಿಟಾರಿನ ಕುತ್ತಿಗೆಯನ್ನು ಎತ್ತಿಯೇ ಹಿಡಿದಿತ್ತು. ಎರಡು ಚರಣಗಳ ನಡುವೆ ಅವಳ ಕಣ್ಣು ತುಂಬಿ ಬಂತು. ಏನೂ ಯೋಚಿಸದೆ ಎರಡೂ ಕೈ ಬಿಟ್ಟು ಮುಖ ಒರೆಸಿಕೊಂಡಳು. ಗಿಟಾರು ಬೀಳಲಿಲ್ಲ. ನಾನು ಹಿಡಿದಿದ್ದೆ. ಅವಳು ಕೆಳಗೆ ನೋಡಿದಳು, ಆಮೇಲೆ ಎಡಗೈಯನ್ನು ಹಗುರಾಗಿ ತಂತಿಯ ಮೇಲಿಟ್ಟಳು. ಅಂದೇ ಅವಳು ನಿಂತು ಬಾರಿಸಲು ಕಲಿತದ್ದು.

ಈಗ ನಾನು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದ್ದೇನೆ. ಚರ್ಮ ಬಿರಿದಿದೆ, ಎಣ್ಣೆ ಹಚ್ಚುವ ನೆನಪು ಯಾರಿಗೂ ಇಲ್ಲ. ಲಿಡಿಯಾಗೆ ಮದುವೆಯಾಯಿತು, ಇದೇ ಓಣಿಯಲ್ಲಿದ್ದಾಳೆ. ನನ್ನ ಜಾಗಕ್ಕೆ ನೈಲಾನಿನ ಬೆಲ್ಟು ಬಂದಿದೆ. ಬಣ್ಣ ಬಹಳ, ಉದ್ದ ಕಡಿಮೆ.

ಮೊನ್ನೆ ಕ್ರಿಸ್ಮಸ್ಸಿಗೆ ಆ ಉದ್ದ ಸಾಲಲಿಲ್ಲ. ಲಿಡಿಯಾ ತುಂಬಿದ ಬಸುರಿ. ಬೇರೆ ದಾರಿಯಿಲ್ಲದೆ ನನ್ನ ಧೂಳು ಕೊಡವಿ ಹೆಗಲಿಗೆ ಹಾಕಿಕೊಂಡಳು. ತನ್ನ ತೂತಿಗೆ ಬಕಲು ಬರಲಿಲ್ಲ, ಮುಂದಿನವಕ್ಕೂ ಬರಲಿಲ್ಲ. ಕೊನೆಯದಕ್ಕೆ ಸಿಕ್ಕಿಸಿದಳು. ಗಿಟಾರು ಹೊಟ್ಟೆಯ ಮೇಲೆ ಬಂದು ಹದವಾಗಿ ಕೂತಿತು. ಲಿಡಿಯಾ ಬಕಲಿನ ಕಡೆ ನೋಡಿದಳು.

"ಅವ್ವಾ, ಇಲ್ಲಿ ಬಾ, ನೋಡು."

ಸುಗುಣಾ ಬಂದು ಆ ತೂತಿನ ಮೇಲೆ ಬೆರಳಿಟ್ಟಳು. "ನಿಮ್ಮಪ್ಪನ ಅಳತಿ" ಎಂದಳು, ಅಷ್ಟೇ.

ಇಷ್ಟು ವರ್ಷ ಆ ತೂತನ್ನು ಬೈದುಕೊಂಡೇ ಬಂದಿದ್ದೆ. ಅಂದು ಬಾಯಿ ಮುಚ್ಚಿಕೊಂಡು ಹೊತ್ತೆ. ಆರಾಧನೆ ನಡೆದಷ್ಟು ಹೊತ್ತೂ ಒಳಗಿನ ಕೂಸು ಗಿಟಾರಿನ ಬೆನ್ನಿಗೆ ಒದೆಯುತ್ತಿತ್ತು, ಅದೂ ತಾಳ ತಪ್ಪಿ. ಕಲಿಯುವವರು ಇನ್ನೊಬ್ಬರು ಬರುತ್ತಿದ್ದಾರೆ. ಆ ಬಿಸಿ ಮೊಳೆ ಎಲ್ಲಿದೆಯೋ ಎಂದು ನನಗೆ ಈಗಿನಿಂದಲೇ ಚಿಂತೆ.