ಎರಡರ ನಡುವಿನ ಗಡ್ಡೆ

ನಮ್ಮ ದ್ವೀಪದೇಶದ ರಾಜಧಾನಿ ಸುವಾದಲ್ಲಿ ಯಾರ ಕುತ್ತಿಗೆಯ ಗಡ್ಡೆ ಕತ್ತರಿಸಿ ತೆಗೆದರೂ ಅದು ಕೊನೆಗೆ ನನ್ನ ಸೂಕ್ಷ್ಮದರ್ಶಕದ ಕೆಳಗೇ ಬರುತ್ತದೆ. ಸೆಮೇಸನದೂ ಬಂತು. ಅವನು ಬಸ್ ಚಾಲಕ, ಕಂದಾವು ದ್ವೀಪದವನು, ನಾನು ಗುಡ್ಡದವಳು. ನಮ್ಮೆರಡು ಊರಿನವರು ತೌವು, ಅಂದರೆ ಮೂಲದೈವ ಒಂದೇ. ತೌವು ಆದವರು ಒಬ್ಬರನ್ನೊಬ್ಬರು ಎಷ್ಟು ಹೀಯಾಳಿಸಿದರೂ ಸಿಟ್ಟಾಗಕೂಡದು, ಕೇಳಿದ್ದನ್ನು ಇಲ್ಲ ಅನ್ನಕೂಡದು.

ಆ ಗಡ್ಡೆ ನನ್ನ ಪ್ರಾಣ ಹಿಂಡಿತು. ಬಿಳಿ ರಕ್ತಕಣಗಳ ಕ್ಯಾನ್ಸರ್, ಅದರಲ್ಲಿ ಅನುಮಾನವಿಲ್ಲ. ಆದರೆ ಯಾವುದು? ಬರ್ಕಿಟ್ ಎಂಬ ಬಗೆಯಾದರೆ ಕೋಶಗಳೆಲ್ಲ ಒಂದೇ ಅಚ್ಚಿನವು, ಬಿಡುವಿಲ್ಲದೆ ಹೆಚ್ಚುತ್ತವೆ. ಅದಕ್ಕೆ ಉಗ್ರ ಮದ್ದೇ ಬೇಕು. ದೊಡ್ಡ ಕೋಶದ ಲಿಂಫೋಮಾ ಎಂಬ ಇನ್ನೊಂದು ಬಗೆಯಾದರೆ ಅದಕ್ಕಿಂತ ಸೌಮ್ಯವಾದ ಮದ್ದು ಸಾಕು. ಇದರ ವೇಗ ಬರ್ಕಿಟ್‌ನದು, ರೂಪ ಮಾತ್ರ ದೊಡ್ಡ ಚಿಕ್ಕ ಕೋಶಗಳ ಕಲಸುಮೇಲೋಗರ. ಅತ್ತ ದರಿ, ಇತ್ತ ಪುಲಿ. ಇದನ್ನು ತೀರ್ಮಾನಿಸುವ ವರ್ಣತಂತುವಿನ ಪರೀಕ್ಷೆ ಮೆಲ್ಬರ್ನ್‌ನಲ್ಲೇ ಆಗಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಈ ಹಾಳು ಗಡ್ಡೆ ಅಲ್ಲಿಯವರೆಗೆ ಕಾಯುವಂಥದ್ದಲ್ಲ. ವಾರ್ಡಿನ ಡಾಕ್ಟರ್ ರೋನೀಲ್, ನಾನು ಏನು ಬರೆಯುತ್ತೇನೋ ಅದರಂತೆ ಮದ್ದು ಕೊಡುವುದಾಗಿ ಹೇಳಿ ಕೈ ತೊಳೆದುಕೊಂಡರು.

ಸೆಮೇಸ ತಾನೇ ಲ್ಯಾಬಿನ ಬಾಗಿಲಿಗೆ ಬಂದ. ಗುಡ್ಡದವರಿಗೆ ಮೀನು ಯಾವುದು ಹಾವು ಯಾವುದು ಅಂತಲೇ ತಿಳಿಯದು, ಇನ್ನು ನನ್ನ ಗಡ್ಡೆ ಎಲ್ಲಿ ತಿಳಿದೀತು ಎಂದು ರೇಗಿಸಿದ. ನಾನೂ ಬಿಡಲಿಲ್ಲ. ಆಮೇಲೆ ಅವನ ನಗು ನಿಂತಿತು.

"ಸಣ್ಣ ಮದ್ದಿನ ಕಾಯಿಲೆ ಅಂತಾನೇ ಬರಿ. ನನ್ನ ಕಿಡ್ನಿ ಆ ದೊಡ್ಡ ಮದ್ದು ತಡೆಯೋದು ಕಷ್ಟ ಅಂತ ಡಾಕ್ಟರೇ ಅಂದಿದಾರೆ. ತೌವು ಅಂತ ಕೇಳ್ತಿದೀನಿ ಕಣೇ."

"ನನ್ನ ಮನೆ ಕೇಳು, ಕೊಡ್ತೀನಿ," ಎಂದೆ. "ಇದೊಂದು ಆಗಲ್ಲ ಕಣೋ."

ಅವನು ಬಾಗಿಲು ಎಳೆದುಕೊಂಡು ಹೋದ. ನಾನು ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಕಣ್ಣು ಕಂಡದ್ದನ್ನೇ ಬರೆದೆ: ಎರಡರ ನಡುವಿನದು, ಬರ್ಕಿಟ್ ಕಡೆಗೆ ವಾಲಿದೆ.

ಉಗ್ರ ಮದ್ದು ಶುರುವಾಯಿತು. ಗಡ್ಡೆ ಕರಗಿತು. ಜೊತೆಗೆ ಕಿಡ್ನಿ ಕೈಕೊಟ್ಟಿತು, ಜ್ವರ ಏರಿತು, ಮೊದಲ ಸುತ್ತು ಮುಗಿಯುವ ಮೊದಲೇ ಸೆಮೇಸ ಹೋಗಿಬಿಟ್ಟ. ಮಣ್ಣು ಮಾಡುವ ದಿನವೇ ಮೆಲ್ಬರ್ನ್‌ನಿಂದ ಉತ್ತರ ಬಂತು. ಅವರೂ ಯಾವ ಗುಂಪಿಗೂ ಸೇರಿಸಲಾರದೆ ಕೈಚೆಲ್ಲಿದ್ದರು.

ಸಾವಿನ ಮನೆಯಲ್ಲಿ ತೌವು ಆದವರು ಹೆಣವನ್ನೂ ಗೇಲಿ ಮಾಡಬೇಕು, ಮನೆಯಲ್ಲಿ ಇಷ್ಟವಾದದ್ದನ್ನು ಹೊತ್ತೊಯ್ಯಬೇಕು. ಚಾಪೆಗಳ ಮೇಲೆ ಕೂತವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ನಾನು ಗೇಲಿ ಮಾಡದೆ ಹೋಗಿ ಬಾಗಿಲ ಹತ್ತಿರ ಕೂತೆ. ಅವನ ಹೆಂಡತಿ ವಾಸೆಮಾದಾ ಪಕ್ಕಕ್ಕೆ ಬಂದು, ಕೊನೆಗೂ ಅದು ಯಾವ ಕಾಯಿಲೆಯಂತೆ ಎಂದು ಕೇಳಿದಳು.

"ಅವರಿಗೂ ತಿಳೀಲಿಲ್ಲ ಅಕ್ಕ."

"ಸಣ್ಣ ಮದ್ದು ಕೊಟ್ಟಿದ್ರೆ?"

"ಉಳೀತಿದ್ನೋ ಏನೋ. ಅದರಲ್ಲೂ ಹೋಗ್ತಿದ್ನೋ ಏನೋ. ನಂಗೊತ್ತಿಲ್ಲ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಏನು ಬೇಕೋ ತಗೊಂಡು ಹೋಗು," ಎಂದಳು. "ಅವನು ಕೇಳಿದ್ದನ್ನ ನೀನು ಕೊಡಲಿಲ್ಲ. ನಾವು ಇಲ್ಲ ಅನ್ನೋರಲ್ಲ."

ನಾನು ಗೋಡೆಗೆ ಒರಗಿಸಿದ್ದ ಚಾಪೆಯೊಂದನ್ನು ಎತ್ತಿಕೊಂಡೆ. ಒಮ್ಮೆ ಇಲ್ಲ ಅಂದಿದ್ದೆ, ಇದನ್ನೂ ಬೇಡ ಅನ್ನುವ ಧೈರ್ಯ ನನಗಿರಲಿಲ್ಲ.