ವೊರೊನಿನ್ ಫೋಟೋಗೆ ಹಾರ

ಲಕ್ಷ್ಮೀಶ ರಷ್ಯದ ವೊರೊನಿನ್ ಮೇಲೆ ಪುಸ್ತಕ ಬರೆದನಂತೆ! ಅರಸೀಕೆರೆ ಸ್ಟೇಷನ್ ಮುಂದೆ ನಿಂತಿದ್ದ ರಷ್ಯನ್ ಪುಸ್ತಕದ ವ್ಯಾನಿನಲ್ಲಿ ಆ ಗಣಿತಜ್ಞನ ಇಂಗ್ಲಿಷ್ ಜೀವನಚರಿತ್ರೆ ಕೊಂಡವನು ನಾನು. ನಮ್ಮ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು ಅಂತ ಅವನಿಗೆ ಓದಲು ಕೊಟ್ಟವನೂ ನಾನೇ. ಕನ್ನಡದಲ್ಲಿ ಬರೀಬೇಕು, ಬರೀಬೇಕು ಅಂದುಕೊಂಡೇ ನಾನು ರಿಟೈರ್ ಆದೆ. ಅವನು ಬರೆದೇಬಿಟ್ಟ. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿದುಹೋಯಿತು.

ವೊರೊನಿನ್ ಕಥೆ ನನಗೆ ಬಾಯಿಪಾಠ. ಯುದ್ಧ ಮುಗಿದ ಹೊಸದರಲ್ಲಿ, ಬೆರಳು ಮರಗಟ್ಟುವ ಚಳಿಯಲ್ಲಿ, ರೇಡಿಯೋ ವಾಲ್ವುಗಳನ್ನು ಜೋಡಿಸಿ ಕಂಪ್ಯೂಟರ್ ಕಟ್ಟಿದ ಪುಣ್ಯಾತ್ಮ. ಅವನ ಮೇಲಧಿಕಾರಿ ಗ್ಲಾದ್ಕೊವ್‌ಗೆ ಅದನ್ನು ಸಹಿಸಲಾಗಲಿಲ್ಲ. ಯಂತ್ರ ಕೆಲಸಕ್ಕೆ ಬಾರದು ಎಂದು ಸುಳ್ಳು ವರದಿ ಬರೆದು, ವೊರೊನಿನ್‌ನನ್ನು ಸೈಬೀರಿಯದ ಶಾಲೆಯೊಂದಕ್ಕೆ ಎತ್ತಂಗಡಿ ಮಾಡಿಸಿದ. ಯಂತ್ರ ಮಾತ್ರ ಹತ್ತು ವರ್ಷ ಓಡಿತು.

ಪುಸ್ತಕ ಬಿಡುಗಡೆಗೆ ವಾರವಿರುವಾಗ ಲಕ್ಷ್ಮೀಶ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿ ಫೋನ್ ಮಾಡಿದ.

"ಸಾರ್, ಇಂಟರ್ನೆಟ್ಟಲ್ಲಿ ಸಿಕ್ತು. ವೊರೊನಿನ್ ಇವ್ರೇ ಅಲ್ವಾ? ನಿಮ್ಮ ಪುಸ್ತಕ ವಾಪಸ್ ಕೊಟ್ಟು ಎಷ್ಟೋ ವರ್ಷ ಆಯ್ತು, ಮುಖ ಮರ್ತೋಗಿದೆ. ನೀವು ಹೂಂ ಅಂದ್ರೆ ಫ್ರೇಮ್ ಹಾಕಿಸ್ತೀನಿ."

ಬೋಳುತಲೆ, ದಪ್ಪ ಹುಬ್ಬು; ನನ್ನ ಪುಸ್ತಕದಲ್ಲಿ ಇವನ ಫೋಟೋವೂ ಇತ್ತು. ಅದು ಗ್ಲಾದ್ಕೊವ್!

"ಇವ್ರೇ ಕಣ್ರೀ," ಅಂದೆ.

ತುಂಬಿದ ಸಭೆಯಲ್ಲಿ ಎದ್ದು ನಿಂತು, ನನ್ನ ಪುಸ್ತಕದಲ್ಲಿದ್ದ ನಿಜವಾದ ಫೋಟೋ ತೋರಿಸಿ ಅವನ ಮಾನ ಕಳೆಯಬೇಕೆಂದಿದ್ದೆ. ಬಿಡುಗಡೆಯ ದಿನ ಆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡೇ ಹಳೇಬೀಡಿನ ಬಸ್ಸು ಹತ್ತಿದೆ.

ಕಾಲೇಜಿನ ಹಾಲಿನಲ್ಲಿ ಕೂರಲು ಜಾಗವಿರಲಿಲ್ಲ. ಲಕ್ಷ್ಮೀಶ ಮೈಕ್ ಹಿಡಿದ.

"ನನಗೆ ವೊರೊನಿನ್ ಪರಿಚಯ ಮಾಡಿಸಿದ್ದು ನಮ್ಮ ಷಡಕ್ಷರಪ್ಪ ಮೇಷ್ಟ್ರು. ಪುಸ್ತಕ ಅವರಿಗೇ ಅರ್ಪಣೆ ಮಾಡಿದೀನಿ. ಈ ಫೋಟೋನೂ ಅವರೇ ನೋಡಿ, ಸರಿ ಅಂದಿದ್ದು. ಮೊದಲ ಹಾರ ಅವರೇ ಹಾಕ್ಬೇಕು."

ಚಪ್ಪಾಳೆಯೋ ಚಪ್ಪಾಳೆ. ಯಾರೋ ನನ್ನ ಕೈಗೆ ಸೇವಂತಿಗೆ ಹಾರ ಕೊಟ್ಟು ವೇದಿಕೆ ಹತ್ತಿಸಿದರು. ಚೀಲ ಹೆಗಲಲ್ಲೇ ಇತ್ತು. ಈಗ ನಿಜ ಹೇಳಿದರೆ ಹೋಗುವ ಮಾನ ನನ್ನದೇ. ಗ್ಲಾದ್ಕೊವ್‌ಗೆ ಹಾರ ಹಾಕಿ ಕೈಮುಗಿದೆ. ಅವನಿಗೆ ಹಾರ ಹಾಕಲು ನನಗಿಂತ ತಕ್ಕವನು ಆ ಹಾಲಿನಲ್ಲಿ ಇರಲಿಲ್ಲ.

ತಿರುಗಿದರೆ ಲಕ್ಷ್ಮೀಶ ಕಣ್ಣು ಒರೆಸಿಕೊಂಡು ನನ್ನ ಕಾಲಿಗೆ ಬಿದ್ದ. ಆಗಲೂ ಅವನನ್ನು ಕಂಡು ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.